ಪೋಸ್ಟರ್ ಅಂಟಿಸುವ ಮುಂಚೆ ಫಾರಂ ತುಂಬಿ

ಸರ್ಕಾರಿ ಲ್ಯಾಬಿನಲ್ಲಿ ಹೊಸ ಆ್ಯಂಟಿಬಾಡಿಯೋ ಟೆಸ್ಟ್ ಕಿಟ್ಟೋ ಮಾಡಿದ್ದೀರಾ? ಸದ್ಯಕ್ಕೆ ಹೊರಗೆ ಬಾಯಿ ಬಿಡಬೇಡಿ. ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ಪೇಟೆಂಟ್ ಅರ್ಜಿ ಹಾಕದೆ ಒಂದು ಸಮ್ಮೇಳನದಲ್ಲಿ ಖುಷಿಯಿಂದ ಪೋಸ್ಟರ್ ಅಂಟಿಸಿದೆ. ಅರ್ಜಿಗೆ ಮೊದಲೇ ಬಹಿರಂಗವಾದದ್ದಕ್ಕೆ ಅಲ್ಲಿ ಪೇಟೆಂಟ್ ಸಿಗದ ಕಾರಣ ಯುರೋಪಿನ ಬಾಗಿಲು ಅವತ್ತೇ ಮುಚ್ಚಿತು. ಅಮೆರಿಕದಲ್ಲಿ ನಾವೇ ಬಹಿರಂಗ ಮಾಡಿದ್ದರೂ ಅರ್ಜಿ ಹಾಕಲು 1 ವರ್ಷ ಸಿಗುತ್ತದೆ. ಎಲ್ಲ ಕಡೆ ಆ ಉದಾರತೆ ಇಲ್ಲ.

ಹಾಗಾಗಿ ಪೇಪರ್ ಕಳಿಸುವ ಮುಂಚೆ ಸಂಸ್ಥೆಯ ತಂತ್ರಜ್ಞಾನ ವರ್ಗಾವಣೆ ವಿಭಾಗಕ್ಕೆ (ಪೇಟೆಂಟ್, ಲೈಸೆನ್ಸ್ ನೋಡಿಕೊಳ್ಳುವವರು) ಆವಿಷ್ಕಾರದ ಫಾರಂ ಕೊಡಿ. ಏನು ಕಂಡುಹಿಡಿದಿರಿ, ಯಾವಾಗ, ಯಾರ ಹಣದಲ್ಲಿ, ಯಾರಿಗೆಲ್ಲ ಹೇಳಿದ್ದೀರಿ, ಎಲ್ಲ ಬರೆಯಿರಿ. ಹೆಸರು ಸೇರಿಸುವಾಗ ದಾಕ್ಷಿಣ್ಯ ಬೇಡ. ಪೇಪರಿನಲ್ಲಿ ಹೆಸರಿದ್ದವರೆಲ್ಲ ಆವಿಷ್ಕಾರಕರಲ್ಲ. ಐಡಿಯಾಗೆ ತಲೆ ಓಡಿಸಿದವರು ಮಾತ್ರ; ಹೇಳಿದಂತೆ ಪಿಪೆಟ್ ಹಿಡಿದವರಲ್ಲ. (ಇದನ್ನು ನಮ್ಮ ಮುಖ್ಯಸ್ಥರಿಗೆ ಹೇಳಲು ನನಗೆ ಎರಡು ವಾರ ಧೈರ್ಯ ಬರಲಿಲ್ಲ.)

ಮೊದಲ ಅರ್ಜಿಯಾದ 12 ತಿಂಗಳೊಳಗೆ ಬೇರೆ ದೇಶಗಳಿಗೆ ನೇರವಾಗಿಯೋ ಪಿಸಿಟಿ (ಹಲವು ದೇಶಗಳಿಗೆ ಒಂದೇ ಅರ್ಜಿ ಹಾಕಲು ಬಿಡುವ ಅಂತರರಾಷ್ಟ್ರೀಯ ಒಪ್ಪಂದ) ಮೂಲಕವೋ ಅರ್ಜಿ ಹೋಗಬೇಕು. ಪಿಸಿಟಿ ಆದರೆ ಯಾವ ದೇಶಗಳು ಬೇಕೆಂದು ಆರಿಸಲು ಮೊದಲ ಅರ್ಜಿಯಿಂದ ಸಾಮಾನ್ಯವಾಗಿ 30 ತಿಂಗಳು ಇರುತ್ತದೆ. ಲೈಸೆನ್ಸ್ ಪಡೆದು ಅದನ್ನು ಮಾರುಕಟ್ಟೆಗೆ ತರುವ ಕಂಪನಿ ಹುಡುಕುವುದಕ್ಕೆ ಅದೇ ಒಳ್ಳೇ ಸಮಯ.

ಇಲಿ ತಳಿ, ಜೀವಕೋಶಗಳಂಥವನ್ನು ಹಂಚಲು ಬಹಳ ಸಲ ಪೇಟೆಂಟ್ ಬೇಕಿಲ್ಲ, ವಸ್ತು ವರ್ಗಾವಣೆ ಒಪ್ಪಂದವೇ (ಪಡೆದವರು ಅದನ್ನು ಹೇಗೆ ಬಳಸಬಹುದು ಎಂಬ ಕರಾರು) ಸಾಕು.

ಒಂದೇ ಕಂಪನಿಗೆ ಲೈಸೆನ್ಸ್ ಕೊಡುವುದಾದರೆ ಕೆಲಸದ ಗಡುವು ಬರೆಸಿಕೊಳ್ಳಿ. ಸುಮ್ನೆ ಕಪಾಟಿನಲ್ಲಿಟ್ಟರೆ ಹಕ್ಕು ವಾಪಸ್ ಬರಬೇಕು, ಅಲ್ವಾ?