ಹಳೇ ಗಾಡಿಯ ವೀಲ್ ನಟ್: ಎಷ್ಟು ಬಿಗಿ, ಹೇಗೆ ಬಿಗಿ?

ಹಳೇ ಕಾರಿನ ಚಕ್ರ ಬಿಚ್ಚಿ ಹಾಕುವಾಗ ಬಹಳ ಜನ ಮಾಡುವುದು ಒಂದೇ ಕೆಲಸ. ಪಾನಾ ಹಾಕಿ, ಅದರ ಹಿಡಿಗೆ ಪೈಪ್ ಸಿಕ್ಕಿಸಿ, ಮೈಭಾರವೆಲ್ಲ ಬಿಟ್ಟು ತಿರುಗಿಸುವುದು. ‘ಕಿರ್’ ಅಂತ ಸದ್ದು ಬಂದರೆ ಸಮಾಧಾನ. ಎಷ್ಟೋ ಸಲ ಆ ಸದ್ದು ನಟ್ ತುಕ್ಕಿನ ಮೇಲೆ ಉಜ್ಜುವುದರಿಂದ ಬರುತ್ತದೆ. ಚಕ್ರ ಸರಿಯಾಗಿ ಕೂತಿದೆ ಅನ್ನುವುದಕ್ಕೆ ಅದು ಗುರುತಲ್ಲ.

ನಟ್ ತಿರುಗಿಸಿದಾಗ ಒಳಗೆ ಆಗುವುದು ಇಷ್ಟು. ಸ್ಟಡ್, ಅಂದರೆ ನಟ್ ಕೂರುವ ಥ್ರೆಡ್ (ಸುರುಳಿ ಹಲ್ಲು) ಇರುವ ಕಡ್ಡಿ, ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತದೆ. ಎಳೆದ ರಬ್ಬರ್ ಬ್ಯಾಂಡಿನ ಹಾಗೆ ವಾಪಸ್ ಕುಗ್ಗಲು ನೋಡುತ್ತದೆ. ಆ ಎಳೆತವೇ ರಿಮ್ಮನ್ನು ಹಬ್ಬಿಗೆ, ಅಂದರೆ ಚಕ್ರ ಕೂರುವ ನಡುಭಾಗಕ್ಕೆ, ಒತ್ತಿ ಹಿಡಿಯುತ್ತದೆ. ನಾವು ಹಾಕುವ ಶಕ್ತಿಯಲ್ಲಿ ಈ ಎಳೆತಕ್ಕೆ ಹೋಗುವುದು ಸುಮಾರು ಶೇ 10ರಷ್ಟು ಮಾತ್ರ. ಅರ್ಧದಷ್ಟು ನಟ್ಟಿನ ಮುಖದ ಉಜ್ಜಾಟಕ್ಕೆ, ಉಳಿದದ್ದು ಥ್ರೆಡ್ಡಿನ ಉಜ್ಜಾಟಕ್ಕೆ ಖರ್ಚಾಗುತ್ತದೆ. ಹಾಗಾಗಿ ಹಳೇ ಗಾಡಿಯಲ್ಲಿ ತೋಳಿನ ಬಲಕ್ಕಿಂತ ಥ್ರೆಡ್ ಮತ್ತು ಮುಖಗಳ ಸ್ಥಿತಿ ಮುಖ್ಯ. ಕೊಳೆ, ತುಕ್ಕು, ಬಣ್ಣ ಇದ್ದರೆ ಪಾನಾ ಬಿಗಿ ಎನ್ನುತ್ತದೆ, ಚಕ್ರ ಮಾತ್ರ ಸಡಿಲವಾಗಿಯೇ ಇರುತ್ತದೆ.

ಮುಟ್ಟುವ ಮೊದಲು ನೋಡಿ

ಮೊದಲು ಎಡಗಡೆಯ ಚಕ್ರಗಳ ಸ್ಟಡ್ ತುದಿ ಒರೆಸಿ ನೋಡಿ. ಅಲ್ಲಿ ಇಂಗ್ಲಿಷಿನ ‘ಎಲ್’ ಅಕ್ಷರ ಕೊರೆದಿದ್ದರೆ ಅದು ಉಲ್ಟಾ ಥ್ರೆಡ್. ಪ್ರದಕ್ಷಿಣೆಯಾಗಿ ತಿರುಗಿಸಿದರೆ ಬಿಚ್ಚುತ್ತದೆ, ಅಪ್ರದಕ್ಷಿಣೆಯಾಗಿ ತಿರುಗಿಸಿದರೆ ಬಿಗಿಯಾಗುತ್ತದೆ. ಚಕ್ರ ಮುಂದಕ್ಕೆ ಉರುಳುವಾಗ ನಟ್ ತಾನಾಗಿ ಸಡಿಲವಾಗಬಾರದು ಅನ್ನುವ ಲೆಕ್ಕದಲ್ಲಿ ಹೀಗೆ ಮಾಡುತ್ತಿದ್ದರು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಇದು ಇತ್ತು. ಕ್ರೈಸ್ಲರ್, ಡಾಡ್ಜ್, ಪ್ಲಿಮತ್ ಕಾರುಗಳಲ್ಲಿ 1970ರ ಆಸುಪಾಸಿನವರೆಗೂ ಇತ್ತು. ಇದು ಗೊತ್ತಿಲ್ಲದೆ ಬಿಚ್ಚುತ್ತೇನೆ ಅಂದುಕೊಂಡು ಇನ್ನಷ್ಟು ಬಿಗಿ ಮಾಡಿ, ಕೊನೆಗೆ ಸ್ಟಡ್ ಮುರಿದವರು ಕಡಿಮೆಯೇನಿಲ್ಲ. ಅಕ್ಷರ ಅಳಿಸಿಹೋಗಿರಬಹುದು, ಹಿಂದೆ ಯಾರೋ ಹಬ್ ಬದಲಿಸಿರಬಹುದು. ಅನುಮಾನ ಬಂದರೆ ನಟ್ಟಿನಿಂದ ಹೊರಗೆ ಇಣುಕುವ ಥ್ರೆಡ್ ಯಾವ ಕಡೆಗೆ ಓರೆಯಾಗಿದೆ ಅಂತ ನೋಡಿ, ಮಾಮೂಲಿ ಬೋಲ್ಟ್ ಒಂದನ್ನು ಪಕ್ಕದಲ್ಲಿ ಹಿಡಿದರೆ ಗೊತ್ತಾಗಿಬಿಡುತ್ತದೆ.

ಇನ್ನೊಂದು ವಿಷಯ, ಇದು ಜೀವದ ಪ್ರಶ್ನೆ. ಮಿಲಿಟರಿ ಜೀಪುಗಳಲ್ಲಿ, ಕೆಲವು ಹಳೇ ಲಾರಿಗಳಲ್ಲಿ ರಿಮ್ ಎರಡು ಹೋಳು. ಆ ಹೋಳುಗಳನ್ನು ಸೇರಿಸಿ ಹಿಡಿಯುವ ನಟ್‌ಗಳ ಸಾಲೇ ಬೇರೆ, ಹಬ್ಬಿಗೆ ಹಿಡಿಯುವ ನಟ್‌ಗಳ ಸಾಲೇ ಬೇರೆ. ಟೈರಿನಲ್ಲಿ ಗಾಳಿ ಇರುವಾಗ ಹೋಳು ಸೇರಿಸುವ ನಟ್ ಬಿಚ್ಚಿದರೆ ರಿಮ್ ಸಿಡಿದು ಮುಖಕ್ಕೇ ಬರುತ್ತದೆ. ಯಾವುದು ಯಾವುದು ಅಂತ ಖಾತ್ರಿಯಾಗದಿದ್ದರೆ ವಾಲ್ವಿನ ಪಿನ್ ತೆಗೆದು ಗಾಳಿಯನ್ನು ಪೂರ್ತಿ ಬಿಟ್ಟುಬಿಡಿ. ಆಮೇಲೆ ಪಾನಾ ಹಿಡಿಯಿರಿ.

ಪಾನಾ ಅಳತೆಯೂ ಸರಿ ಇರಲಿ. ಹಳೇ ಬ್ರಿಟಿಷ್ ಗಾಡಿಗಳಲ್ಲಿ ವಿಟ್‌ವರ್ತ್ ಅಳತೆ ಸಿಗುತ್ತದೆ, ಆಮೇಲಿನವುಗಳಲ್ಲಿ ಇಂಚು, ಯುರೋಪಿನ ಬೇರೆ ಗಾಡಿಗಳಲ್ಲಿ ಮಿಲಿಮೀಟರ್. ‘ಹತ್ತಿರ ಹತ್ತಿರ ಕೂರುತ್ತೆ’ ಅನ್ನುವ ಸಾಕೆಟ್ ನಟ್ಟಿನ ಮೂಲೆಗಳನ್ನು ಸವೆಸುತ್ತದೆ. ಆರು ಮೂಲೆಯ ಸಾಕೆಟ್ಟೇ ಒಳ್ಳೆಯದು.

ಬಿಚ್ಚಿ, ಉಜ್ಜಿ, ಪರೀಕ್ಷಿಸಿ

ಗಾಡಿ ಸಮ ನೆಲದಲ್ಲಿರಲಿ. ಹ್ಯಾಂಡ್‌ಬ್ರೇಕ್ ಎಳೆದು, ಎತ್ತದ ಚಕ್ರಗಳಿಗೆ ಅಡೆ ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ. ಆಮೇಲೆ ಜಾಕ್ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿಕೊಂಡು ಕೆಲಸ ಬೇಡ.

ಚಕ್ರ ಹೊರಗೆ ಬಂದ ಮೇಲೆ ಅವಸರ ಮಾಡಬೇಡಿ, ಅಸಲಿ ಕೆಲಸ ಇಲ್ಲೇ ಇರುವುದು. ರಿಮ್ಮಿನ ಹಿಂಭಾಗ ಮತ್ತು ಅದು ಕೂರುವ ಬ್ರೇಕ್ ಡ್ರಮ್ಮಿನ ಮುಖ, ಇವೆರಡೂ ಲೋಹಕ್ಕೆ ಲೋಹ ಕೂರಬೇಕು. ಹಳೇ ಗಾಡಿಯಲ್ಲಿ ಇವುಗಳ ನಡುವೆ ತುಕ್ಕಿನ ಚಕ್ಕೆ, ಒಣಗಿದ ಗ್ರೀಸ್, ಪದರ ಪದರ ಬಣ್ಣ ಸೇರಿಕೊಂಡಿರುತ್ತದೆ. ವೈರ್ ಬ್ರಶ್‌ನಲ್ಲಿ ಉಜ್ಜಿ. ಬೆರಳು ಆಡಿಸಿದರೆ ಎಲ್ಲೂ ಉಬ್ಬು ಸಿಗಬಾರದು.

ಹೊಸದಾಗಿ ರಿಪೇರಿ ಮಾಡಿ ಮಿಂಚಿಸಿದ ಗಾಡಿಗಳಲ್ಲೇ ಈ ತೊಂದರೆ ಜಾಸ್ತಿ. ರಿಮ್ಮಿಗೆ ದಪ್ಪಗೆ ಪೌಡರ್ ಕೋಟ್ ಮಾಡಿಸಿರುತ್ತಾರೆ. ಹಬ್ಬಿಗೆ ಕೂರುವ ಜಾಗಕ್ಕೂ ನಟ್ ಕೂರುವ ಗುಳಿಗೂ ಅದೇ ಬಣ್ಣ. ನಟ್ ಬಿಗಿ ಮಾಡಿದಾಗ ಎಲ್ಲ ಗಟ್ಟಿಯಾಗಿಯೇ ಕಾಣುತ್ತದೆ. ಗಾಡಿ ಓಡಿದ ಹಾಗೆ ಬಿಸಿಗೂ ಒತ್ತಡಕ್ಕೂ ಆ ಪದರ ಹಿಂಡಿ ತೆಳುವಾಗುತ್ತದೆ. ಸ್ಟಡ್ಡಿನ ಎಳೆತ ತೀರಾ ಸಣ್ಣ ಹಿಗ್ಗಿನಿಂದ ಬಂದದ್ದು ತಾನೇ? ಪದರ ಅಷ್ಟು ತೆಳುವಾದರೆ ಸಾಕು, ಬಿಗಿ ಮಾಯ. ಕೂರುವ ಜಾಗ ಮತ್ತು ಗುಳಿಗಳಿಗೆ ಟೇಪ್ ಹಚ್ಚಿ ಬಣ್ಣ ಮಾಡಿಸಿ. ಆಗಲೇ ಮಾಡಿಸಿದ್ದರೆ ಆ ಜಾಗದಲ್ಲಿ ಕೆರೆದು ತೆಗೆಯಿರಿ. ಚಂದ ಕೆಡುವುದಿಲ್ಲ, ಅದು ಹೊರಗೆ ಕಾಣುವುದೇ ಇಲ್ಲ.

ನಟ್ಟಿನ ಮುಖ ಮತ್ತು ರಿಮ್ಮಿನ ಗುಳಿ ಒಂದೇ ಆಕಾರದ್ದಾಗಿರಬೇಕು. ಕೆಲವಕ್ಕೆ ಕೋನ್ ಆಕಾರ, ಕೆಲವಕ್ಕೆ ಗುಂಡು, ಕೆಲವಕ್ಕೆ ಚಪ್ಪಟೆ ವಾಷರ್. ಗುಂಡು ಗುಳಿಗೆ ಕೋನ್ ನಟ್ ಹಾಕಿದರೆ ಅದು ಒಂದು ತೆಳು ಗೆರೆಯ ಮೇಲೆ ಮಾತ್ರ ನಿಲ್ಲುತ್ತದೆ. ಕೋನ್ ಭಾಗ ಯಾವಾಗಲೂ ರಿಮ್ಮಿನ ಕಡೆಗೆ. ಉಲ್ಟಾ ಹಾಕಿದ ನಟ್ ಕೂಡ ಥ್ರೆಡ್ಡಿಗೆ ಸಲೀಸಾಗಿ ಹೋಗುತ್ತದೆ, ಹಾಗಾಗಿ ಕಣ್ಣಿಟ್ಟು ನೋಡಿ. ರಿಮ್ಮಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ತೂತಿನ ಸುತ್ತ ಬಿರುಕಿದ್ದರೆ ಆ ರಿಮ್ ಬದಿಗಿಡಿ.

ಇನ್ನು ಸ್ಟಡ್. ಶುಚಿ ಮಾಡಿ ನಟ್ಟನ್ನು ಬರಿಗೈಯಲ್ಲಿ ತಿರುಗಿಸಿ. ಬೆರಳಿನಿಂದಲೇ ಬುಡದ ತನಕ ಹೋಗಬೇಕು. ನಡುವೆ ಹಿಡಿದರೆ ಥ್ರೆಡ್ ಗೇಜ್ (ಹಲ್ಲುಗಳ ಅಂತರ ಅಳೆಯುವ ಪಟ್ಟಿ) ಇಟ್ಟು ನೋಡಿ. ಹಲ್ಲುಗಳು ಗೇಜಿಗೆ ಕೂರದೆ ಅಂತರ ಜಾಸ್ತಿಯಾದ ಹಾಗೆ ಕಂಡರೆ, ಸ್ಟಡ್ ಮಿತಿ ಮೀರಿ ಎಳೆದಿದೆ ಅಂತ ಅರ್ಥ. ಅದನ್ನು ಡೈ (ಥ್ರೆಡ್ ಕೊರೆಯುವ ಸಾಧನ) ಹಾಕಿ ಸರಿ ಮಾಡಲಾಗದು, ಬದಲಿಸಲೇಬೇಕು. ನಟ್ ಪೂರ್ತಿ ಕೂತಾಗ ಸ್ಟಡ್ಡಿನ ದಪ್ಪದಷ್ಟಾದರೂ ಥ್ರೆಡ್ ನಟ್ಟಿನೊಳಗೆ ಹಿಡಿದಿರಬೇಕು.

ಎಣ್ಣೆ ಹಾಕಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಗಾಡಿಯ ಕೈಪಿಡಿ ಹಾಕಿ ಅಂದಿದ್ದರೆ ಹಾಕಿ, ಇಲ್ಲದಿದ್ದರೆ ಒಣಗೇ ಇರಲಿ. ಒಣ ಥ್ರೆಡ್ಡಿಗೆ ಕೊಟ್ಟ ಟಾರ್ಕ್ (ತಿರುಗಿಸುವ ಬಲ) ಅಂಕಿಯನ್ನು ಎಣ್ಣೆ ಹಚ್ಚಿದ ಥ್ರೆಡ್ಡಿಗೆ ಬಳಸಿದರೆ ಉಜ್ಜಾಟ ಕಡಿಮೆಯಾಗಿ, ಸ್ಟಡ್ ಮೇಲೆ ಎಳೆತ ಬೇಕಾದ್ದಕ್ಕಿಂತ ಬಹಳ ಏರುತ್ತದೆ. ಗುಳಿಗಳಿಗಂತೂ ಗ್ರೀಸ್ ಬೇಡವೇ ಬೇಡ.

ಈಗ ಬಿಗಿ

ಚಕ್ರ ಎತ್ತಿ ಕೂರಿಸಿ, ಎಲ್ಲ ನಟ್‌ಗಳನ್ನೂ ಕೈಯಿಂದ ತಿರುಗಿಸಿ. ಆಮೇಲೆ ಸಣ್ಣ ಪಾನಾದಿಂದ ಮೆತ್ತಗೆ ಹಿಡಿಸಿ, ಅದೂ ಎದುರುಬದುರಾಗಿ. ನಾಲ್ಕು ನಟ್ ಇದ್ದರೆ ಕತ್ತರಿಯಾಕಾರ. ಐದಿದ್ದರೆ ಒಂದು ಬಿಟ್ಟು ಒಂದು: 1, 3, 5, 2, 4. ಸಿಟ್ರನ್ 2ಸಿವಿಯ ಹಾಗೆ ಮೂರೇ ಇದ್ದರೆ ಸುಮ್ನೆ ಸಾಲಾಗಿ. ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹಿಡಿಸಿದರೆ ನಟ್‌ಗಳು ಗುಳಿಗಳ ನಡುವಿಗೆ ಬಂದು ಕೂರುತ್ತವೆ.

ಸ್ಟ್ಯಾಂಡ್ ತೆಗೆದು, ಟೈರ್ ನೆಲ ಮುಟ್ಟಿ ಚಕ್ರ ತಿರುಗದ ಹಾಗೆ ಆಗುವಷ್ಟು ಗಾಡಿ ಇಳಿಸಿ. ಈಗ ಟಾರ್ಕ್ ರೆಂಚ್, ಅಂದರೆ ಇಟ್ಟ ಅಂಕಿ ಮುಟ್ಟಿದಾಗ ‘ಟಕ್’ ಅನ್ನುವ ಪಾನಾ. ಅಂಕಿಯನ್ನು ನಿಮ್ಮ ಗಾಡಿಯ ಕೈಪಿಡಿಯಿಂದಲೇ ತೆಗೆದುಕೊಳ್ಳಿ. ಈಗಿನ ಕಾರಿನ ಅಂಕಿ ಹಳೇ ಗಾಡಿಗೆ ಹಾಕುವುದು ದೊಡ್ಡ ತಪ್ಪು. ಹಳೇ ಮಿನಿಯ ಸ್ಟಡ್ ದಪ್ಪ ಇಂಚಿನ 8ರಲ್ಲಿ 3 ಭಾಗ, ಅದಕ್ಕೆ ಸುಮಾರು 42 ಅಡಿ-ಪೌಂಡ್, ಅಂದರೆ 57 ನ್ಯೂಟನ್ ಮೀಟರ್ ಸಾಕು. ಫೋಕ್ಸ್‌ವ್ಯಾಗನ್ ಬೀಟಲ್‌ನ ನಂತರದ ಮಾಡೆಲ್‌ಗಳಲ್ಲಿ 14 ಮಿಲಿಮೀಟರ್ ಬೋಲ್ಟ್ ಇದೆ, ಅದಕ್ಕೆ ಬೇಕಾದ್ದು ಇದರ ದುಪ್ಪಟ್ಟಿಗೂ ಜಾಸ್ತಿ. ಒಂದರ ಅಂಕಿ ಇನ್ನೊಂದಕ್ಕೆ ಹಾಕಿದರೆ ಏನಾಗುತ್ತೆ ಅಂತ ನೀವೇ ಊಹಿಸಿ.

ಒಂದೇ ಸಲಕ್ಕೆ ಪೂರ್ತಿ ಬಿಗಿ ಬೇಡ. ಮೊದಲ ಸುತ್ತಿನಲ್ಲಿ ಅರ್ಧ ಅಂಕಿ, ಎರಡನೆಯದರಲ್ಲಿ ಪೂರ್ತಿ, ಅದೇ ಎದುರುಬದುರು ಕ್ರಮದಲ್ಲಿ. ರೆಂಚಿನ ಹಿಡಿಯ ನಡುವೆ ಕೈಯಿಟ್ಟು ನಿಧಾನಕ್ಕೆ, ಒಂದೇ ಸಮ ಎಳೆಯಿರಿ. ‘ಟಕ್’ ಅಂದ ಕೂಡಲೇ ನಿಲ್ಲಿಸಿ. ಖುಷಿಗೆ ಇನ್ನೆರಡು ಸಲ ‘ಟಕ್ ಟಕ್’ ಅನ್ನಿಸಿದರೆ ಪ್ರತಿ ಸಲವೂ ನಟ್ ಇನ್ನಿಷ್ಟು ಮುಂದೆ ಹೋಗುತ್ತದೆ. ಉಲ್ಟಾ ಥ್ರೆಡ್ ಗಾಡಿಯವರು ರೆಂಚ್ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಎಷ್ಟೋ ರೆಂಚ್‌ಗಳು ಒಂದೇ ದಿಕ್ಕಿನಲ್ಲಿ ‘ಟಕ್’ ಅನ್ನುತ್ತವೆ. ಇನ್ನೊಂದು ದಿಕ್ಕಿನಲ್ಲಿ ಸದ್ದೇ ಇಲ್ಲ, ನೀವು ಎಳೆಯುತ್ತಲೇ ಇರುತ್ತೀರಿ.

ಟಾರ್ಕ್ ರೆಂಚ್ ಇಲ್ಲವೇ? ತೂಕ ನೋಡುವ ಸ್ಪ್ರಿಂಗ್ ತಕ್ಕಡಿ ಸಾಕು. ನಟ್ಟಿನ ನಡುವಿನಿಂದ 30 ಸೆಂಟಿಮೀಟರ್ ದೂರಕ್ಕೆ ಪಾನಾ ಹಿಡಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ. ಪಾನಾಕ್ಕೆ ನೇರ ಅಡ್ಡವಾಗಿ ಎಳೆಯಿರಿ. 19 ಕಿಲೋ ತೋರಿಸಿದಾಗ ಸುಮಾರು 56 ನ್ಯೂಟನ್ ಮೀಟರ್ ಬಿದ್ದಿರುತ್ತದೆ. ಮಿನಿಗೆ ಅಷ್ಟೇ ಬೇಕಾದ್ದು. ಎಷ್ಟು ಹಗುರ ಅನ್ನಿಸುತ್ತೆ ಅಲ್ವಾ? ಪೈಪ್ ಹಾಕಿ ತುಳಿಯುವವರು ಇದನ್ನೊಮ್ಮೆ ಮಾಡಿ ನೋಡಬೇಕು.

ತಂತಿ ಕಡ್ಡಿಯ ಚಕ್ರವಾದರೆ

ಹಳೇ ಎಂಜಿ, ಜಾಗ್ವಾರ್ ಸ್ಪೋರ್ಟ್ಸ್ ಕಾರುಗಳಲ್ಲಿ ನಡುವೆ ಒಂದೇ ದೊಡ್ಡ ಕಿವಿಯ ನಟ್ ಇರುತ್ತದೆ. ಇಲ್ಲಿ ಮೇಲೆ ಹೇಳಿದ ಲೆಕ್ಕ ತಿರುವುಮುರುವು. ಎಡಗಡೆ ಮಾಮೂಲಿ ಥ್ರೆಡ್, ಬಲಗಡೆ ಉಲ್ಟಾ ಥ್ರೆಡ್. ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೆ ನಟ್ ತಿರುಗಿಸಿದರೆ ಬಿಚ್ಚುತ್ತದೆ. ನೋಡಲು ತಪ್ಪು ಅನ್ನಿಸಿದರೂ ಅದೇ ಸರಿ. ಓಡುವಾಗ ಹಬ್ಬಿನ ಮೇಲೆ ಚಕ್ರ ಅತಿ ಸೂಕ್ಷ್ಮವಾಗಿ ಉರುಳಾಡಿ ನಟ್ಟನ್ನು ಬಿಗಿಯ ಕಡೆಗೇ ತಳ್ಳುತ್ತದೆ. ಹಬ್‌ಗಳನ್ನು ಎಡಬಲ ಅದಲುಬದಲು ಮಾಡಿ ಜೋಡಿಸಿದರೆ ಮಾತ್ರ ಚಕ್ರ ದಾರಿಯಲ್ಲೇ ಕಳಚಬಹುದು. ಹಬ್ಬೂ ಚಕ್ರವೂ ಒಂದಕ್ಕೊಂದು ಕೂರುವ ಒಳಗಿನ ಹಲ್ಲುಗಳಿಗೆ ತೆಳುವಾಗಿ ಗ್ರೀಸ್ ಹಚ್ಚಿ. ಚಕ್ರ ನೆಲ ಬಿಟ್ಟಿರುವಾಗಲೇ ತಾಮ್ರದ ಇಲ್ಲವೇ ಸೀಸದ ಸುತ್ತಿಗೆಯಿಂದ, ನಟ್ ಮುಂದೆ ಜರುಗುವುದು ನಿಲ್ಲುವ ತನಕ ಹೊಡೆಯಿರಿ. ಗಾಡಿ ಸ್ಟ್ಯಾಂಡ್ ಮೇಲೆ ಗಟ್ಟಿಯಾಗಿ ಕೂತಿರಲಿ, ಹೊಡೆತಕ್ಕೆ ಜಾರಬಾರದು.

ಓಡಿಸಿದ ಮೇಲೆ

50ರಿಂದ 80 ಕಿಲೋಮೀಟರ್ ಓಡಿಸಿ, ಚಕ್ರ ತಣ್ಣಗಾದ ಮೇಲೆ ಮತ್ತೆ ರೆಂಚ್ ಹಾಕಿ ನೋಡಿ. ಮುಖಗಳು ಕೂತು ಸ್ವಲ್ಪ ಸಡಿಲವಾಗಿರುವುದು ಮಾಮೂಲಿ. ಹೊಸ ಸ್ಟಡ್ ಅಥವಾ ಹೊಸ ಬಣ್ಣ ಆಗಿದ್ದರೆ ಇನ್ನೊಂದು ಸಲವೂ ನೋಡಿ. ನಟ್ಟಿನ ಸುತ್ತ ತುಕ್ಕಿನ ಕೆಂಪು ಗೆರೆ ಇಳಿದಿದ್ದರೆ, ನಿಧಾನಕ್ಕೆ ಓಡಿಸುವಾಗ ಚಕ್ರದಿಂದ ‘ಟಿಕ್ ಟಿಕ್’ ಸದ್ದು ಬಂದರೆ ತಕ್ಷಣ ನಿಲ್ಲಿಸಿ ಪರೀಕ್ಷಿಸಿ. ಒಂದೇ ನಟ್ ಎರಡನೇ ಸಲವೂ ಸಡಿಲವಾಗಿ ಸಿಕ್ಕರೆ ಅದನ್ನು ಮತ್ತೆ ಬಿಗಿ ಮಾಡಿ ಹೊರಡಬೇಡಿ. ಚಕ್ರ ಕಳಚಿ ಆ ಗುಳಿಯನ್ನೂ ಆ ಸ್ಟಡ್ಡನ್ನೂ ನೋಡಿ.