ಬಿಡದಿ, ರಾಮನಗರ, ಚನ್ನಪಟ್ಟಣ: ಮಗಳಿಗೆ ಕನ್ನಡ ಓದಲು ಕಲಿಸಿದ ದಾರಿ

ನಾನು ಬಸ್ ಕಂಡಕ್ಟರ್. 19 ವರ್ಷದಿಂದ ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ ಓಡಾಡುತ್ತಿದ್ದೇನೆ. ಪಾಠ ಹೇಳುವುದು ನನ್ನ ಕೆಲಸವಲ್ಲ. ಆದರೆ ಮಗಳಿಗೆ ಕನ್ನಡ ಓದಲು ಕಲಿಸಬೇಕಾಗಿ ಬಂತು. ಮೊದಲು ಆರು ತಿಂಗಳು ತಪ್ಪು ದಾರಿಯಲ್ಲಿ ಹೋದೆವು, ಆಮೇಲೆ ಸರಿಹೋಯಿತು. ನಿಮ್ಮ ಮನೆಯಲ್ಲೂ ಇಂಗ್ಲಿಷ್ ಮೀಡಿಯಂಗೆ ಹೋಗುವ, ಕನ್ನಡ ಪಟಪಟ ಮಾತಾಡುವ, ಆದರೆ ಅಂಗಡಿ ಬೋರ್ಡು ಓದಲಾರದ ಮಗು ಇದ್ದರೆ ಇದು ಉಪಯೋಗಕ್ಕೆ ಬರಬಹುದು.

ತಪ್ಪು ದಾರಿ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ಮಗಳನ್ನು ಒಂದು ಟ್ಯೂಷನ್‌ಗೆ ಹಾಕಿದ್ದೆವು. ಅಲ್ಲಿ ಅ ಆ ಇ ಈ ಇಂದ ಳ ತನಕ 49 ಅಕ್ಷರ ಬಾಯಿಪಾಠ, ಅದು ಮುಗಿದ ಮೇಲೆ ಕಾಗುಣಿತ ಬಾಯಿಪಾಠ. ‘ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಅಂತ ಮಗಳು ಮನೆ ತುಂಬ ಹಾಡಿಕೊಂಡು ಓಡಾಡುತ್ತಿದ್ದಳು. ನಮಗೂ ಖುಷಿ. ಒಂದು ಭಾನುವಾರ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ನಿಂತಿದ್ದ ಬಸ್ಸಿನ ಬೋರ್ಡು ತೋರಿಸಿ, ಓದು ಅಂದೆ. ‘ಬಿಡದಿ’ ಅಂತಿತ್ತು. ಅವಳು ಮೊದಲನೇ ಅಕ್ಷರ ನೋಡಿ ಬೆರಳು ಎಣಿಸಲು ಶುರು ಮಾಡಿದಳು. ‘ಬ, ಬಾ, ಬಿ... ಬಿ!’ ಆಮೇಲೆ ಡ. ಆಮೇಲೆ ‘ದ, ದಾ, ದಿ... ದಿ!’ ಅಷ್ಟು ಹೊತ್ತಿಗೆ ಮೊದಲು ಏನು ಬಂದಿತ್ತು ಅನ್ನುವುದೇ ಮರೆತುಹೋಗಿತ್ತು. ಹಾಡು ಪೂರ್ತಿ ಬರುತ್ತಿತ್ತು. ಗುಡಿಸು ಏನು ಮಾಡುತ್ತದೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಮದ್ದೂರಿನಲ್ಲಿ ನನ್ನ ಬಸ್ಸಿಗೆ ಹತ್ತುವ ಒಬ್ಬರು ಮೇಷ್ಟ್ರಿದ್ದಾರೆ. ಸರಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ಅವರದು, ಅಂದರೆ ಚಿಕ್ಕ ಮಕ್ಕಳಿಗೆ ಆಟ, ಚಟುವಟಿಕೆಯ ಮೂಲಕ ಕಲಿಸುವ ತರಗತಿ. ಅವರ ಹತ್ತಿರ ಹೇಳಿಕೊಂಡೆ. ‘ಮಗೂಗೆ ಟೈಂಟೇಬಲ್ ಬಾಯಿಪಾಠ ಮಾಡಿಸಿದ್ದೀರಿ, ಬಸ್ಸೇ ಹತ್ತಿಸಿಲ್ಲ’ ಅಂದರು. ಈ ಬರಹದಲ್ಲಿ ಅರ್ಧ ಅವರದು, ಅರ್ಧ ನಾನು ಮನೆಯಲ್ಲಿ ಮಾಡಿ ನೋಡಿದ್ದು.

ಐದು ಅಕ್ಷರ ಸಾಕು, ಶುರು ಮಾಡಿ

ವರ್ಣಮಾಲೆ ಅಂದರೆ ಅಕ್ಷರಗಳನ್ನು ಬಾಯಿಯಲ್ಲಿ ಎಲ್ಲಿ ಹುಟ್ಟುತ್ತವೆ ಅನ್ನುವ ಲೆಕ್ಕದಲ್ಲಿ ಜೋಡಿಸಿಟ್ಟ ಪಟ್ಟಿ. ಕ ಖ ಗ ಘ ಗಂಟಲ ಹತ್ತಿರ, ಪ ಫ ಬ ಭ ತುಟಿಯಲ್ಲಿ. ಜೋಡಣೆ ಚೆನ್ನಾಗಿದೆ. ಆದರೆ ಓದು ಕಲಿಯುವ ಮಗುವಿಗೆ ಆ ಕ್ರಮದಿಂದ ಉಪಯೋಗ ಕಡಿಮೆ. ಕ ಖ ಗ ಘ ಙ ಐದೂ ಕಲಿತರೂ ಅದರಲ್ಲಿ ಎಷ್ಟು ಪದ ಮಾಡಬಹುದು ಹೇಳಿ?

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಈ ಕ್ರಮ ಬಿಟ್ಟು ರ, ಗ, ಸ, ದ, ಅ ಇಂದ ಆರಂಭಿಸುತ್ತಾರೆ. ಈ ಐದರಲ್ಲಿ ಏನೇನಿದೆ ನೋಡಿ: ಸರ, ರಸ, ಅರಸ, ಅಗಸ, ಗರಗಸ, ದಸರ. ಮೊದಲ ವಾರವೇ ಮಗು ಪದ ಓದಿಬಿಡುತ್ತದೆ. ಮಗಳು ‘ಗರಗಸ’ ಓದಿ, ಪಕ್ಕದ ಮನೆಯ ಬಡಗಿ ಅಂಕಲ್‌ಗೆ ಹೋಗಿ ಹೇಳಿ ಬಂದಳು. ಆಮೇಲೆ ಯ, ನ, ಜ ಸೇರಿಸಿದೆ. ‘ಜಯನಗರ’ ಬಂತು. ಒಂದು ಚಿಹ್ನೆಯೂ ಇಲ್ಲದ, ಐದಕ್ಕೆ ಐದೂ ಬೋಳು ಅಕ್ಷರದ ಬೋರ್ಡು ಅದು. ಗದಗವೂ ಹಾಗೇ.

ಲಗ್ನಪತ್ರಿಕೆಗಳನ್ನು ಎಸೆಯಬೇಡಿ. ಹಿಂಬದಿಯ ಖಾಲಿ ರಟ್ಟು ಕತ್ತರಿಸಿದರೆ ಒಳ್ಳೇ ಅಕ್ಷರ ಕಾರ್ಡ್ ಆಗುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು. ನಾನು ಡ್ಯೂಟಿ ಮುಗಿಸಿ ಬರುವಾಗ ಅವಳಿಗೆ ನಿದ್ದೆ ಹತ್ತುವ ಹೊತ್ತು, ಅದಕ್ಕಿಂತ ಜಾಸ್ತಿ ಆಗುತ್ತಲೂ ಇರಲಿಲ್ಲ.

ಚಿಹ್ನೆ: ಹೇಳಿಕೊಡದ್ದನ್ನು ಕೇಳಿ

34 ವ್ಯಂಜನ, 13 ಸ್ವರ. ಗುಣಿಸಿದರೆ 442 ರೂಪ. ಇಷ್ಟನ್ನೂ ಒಂದೊಂದಾಗಿ ನೆನಪಿಟ್ಟುಕೊಳ್ಳುವುದು ಯಾರಿಂದಲೂ ಆಗದು. ಮಗು ಹಿಡಿಯಬೇಕಾದ್ದು ಚಿಹ್ನೆಯ ಕೆಲಸವನ್ನು.

ಇದಕ್ಕೂ ರ, ಗ, ದ, ಸ ಒಳ್ಳೆಯವು, ಯಾಕೆಂದರೆ ನಾಲ್ಕಕ್ಕೂ ತಲೆಕಟ್ಟು ಇದೆ. ತಲೆಕಟ್ಟು ಅಂದರೆ ‘ಅ’ ಅಂತ ತಿಳಿದುಕೊಳ್ಳಿ. ಇಳಿ ಬಂದಾಗ ತಲೆಕಟ್ಟು ಹೋಗುತ್ತದೆ, ಜೊತೆಗೆ ‘ಅ’ ಶಬ್ದವೂ ಹೋಗುತ್ತದೆ. ಗುಡಿಸು ಬಂದಾಗಲೂ ಅಷ್ಟೇ. ಜ, ಬ, ಟ, ಲ, ಣ ಇವಕ್ಕೆ ತಲೆಕಟ್ಟು ಇಲ್ಲ. ಅದಕ್ಕೇ ಈ ಬದಲಾವಣೆ ಅವುಗಳಲ್ಲಿ ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ಒಂದು ವಾರಕ್ಕೆ ಒಂದೇ ಚಿಹ್ನೆ. ಮೊದಲು ಇಳಿ. ರ–ರಾ, ಗ–ಗಾ, ದ–ದಾ ಅಂತ ಜೋಡಿ ಜೋಡಿಯಾಗಿ ಇಡಿ. ‘ರ ಇಳಿ ರಾ’ ಅನ್ನಿಸಬೇಡಿ. ಇಳಿ, ಕೊಂಬು, ಏತ್ವ ಅನ್ನುವ ಹೆಸರೆಲ್ಲ ಬರೆಯುವಾಗ ಬೇಕು. ಓದುವಾಗ ಅವು ಬಾಯಿಗೆ ಅಡ್ಡ ಬರುತ್ತವೆ. ಸೀದಾ ‘ರಾ’ ಅನ್ನಲಿ.

ಮೂರು ನಾಲ್ಕು ಅಕ್ಷರಕ್ಕೆ ಹೀಗೆ ಮಾಡಿದ ಮೇಲೆ ಪರೀಕ್ಷೆ. ನೀವು ಇಳಿ ಹಾಕಿ ತೋರಿಸಿಯೇ ಇಲ್ಲದ ಅಕ್ಷರ ತೆಗೆದುಕೊಳ್ಳಿ. ನಾನು ‘ನಾ’ ಬರೆದು ತೋರಿಸಿದೆ. ಮಗಳು ಎರಡು ಸೆಕೆಂಡ್ ನೋಡಿ ‘ನಾ’ ಅಂದಳು. ಆವಾಗ ಗೊತ್ತಾಗುತ್ತದೆ, ಮಗುವಿನ ಕೈಗೆ ಸಿಕ್ಕಿರುವುದು ನಿಯಮ, ಬರೀ ನೆನಪಲ್ಲ ಅಂತ. ಪ್ರತಿ ಚಿಹ್ನೆಗೂ ಈ ಪರೀಕ್ಷೆ ಮಾಡಿ. ಉತ್ತರ ಬರದಿದ್ದರೆ ಮುಂದಿನ ಚಿಹ್ನೆಗೆ ಹೋಗಬೇಡಿ. ಇಳಿ ಮುಗಿದ ಮೇಲೆ ‘ರಾಮನಗರ’, ಗುಡಿಸು ಮುಗಿದ ಮೇಲೆ ಮತ್ತೆ ‘ಬಿಡದಿ’. ಈ ಸಲ ಬೆರಳು ಎಣಿಸಲಿಲ್ಲ.

ಹ್ರಸ್ವ–ದೀರ್ಘಕ್ಕೆ ಅರ್ಥವೇ ಮೇಷ್ಟ್ರು. ಬಳೆ–ಬಾಳೆ, ಕೊಡು–ಕೋಡು, ಕಡು–ಕಾಡು. ‘ಕೆರೆಗೆ ಹೋಗಿ ನೀರು ತಂದೆ’ ಅನ್ನುವುದನ್ನು ‘ಕೇರೆಗೆ ಹೋಗಿ ನೀರು ತಂದೆ’ ಅಂತ ಓದಿದರೆ ಹಾವಿನ ಹತ್ತಿರ ನೀರು ಕೇಳಿದ ಹಾಗೆ. ಮಗಳು ಇದಕ್ಕೆ ನಕ್ಕಿದ್ದೇ ನಕ್ಕಿದ್ದು, ಆಮೇಲೆ ಏತ್ವದ ದೀರ್ಘ ತಪ್ಪಲಿಲ್ಲ.

ಇಲ್ಲೊಂದು ಗುಂಡಿ ಇದೆ, ಹುಷಾರು. ಕೊಂಬು ಸಾಮಾನ್ಯವಾಗಿ ಅಕ್ಷರದ ಬಲಗಡೆ ಬರುತ್ತದೆ: ಕು, ರು, ಗು. ಪ, ಫ ಮತ್ತು ವ ಬಂದಾಗ ಮಾತ್ರ ಕೆಳಗಿನಿಂದ ಬರುತ್ತದೆ: ಪು, ಫು, ವು. ಮಗಳು ‘ಹಾವು’ ಅನ್ನುವುದನ್ನು ‘ಹಾಮ’ ಅಂತ ಓದಿದಳು. ಬೈಯುವುದರಲ್ಲಿದ್ದೆ. ಆಮೇಲೆ ಪಕ್ಕಪಕ್ಕ ಬರೆದು ನೋಡಿದೆ. ಮ, ವು. ಹೌದಲ್ಲಾ! ವ ಪಕ್ಕದಲ್ಲಿ ಕೊಂಬು ಎಳೆದರೆ ಅದು ಮ ಥರವೇ ಕಾಣುತ್ತದೆ. ಅದಕ್ಕೇ ಕೊಂಬು ಕೆಳಗೆ ಹೋಗಿದೆ. ಇವೆರಡನ್ನು ಬೇರೆಯಾಗಿ ಕೂರಿಸಿಕೊಂಡು ತೋರಿಸಿ. ಹಾವು, ಮಾವು, ನೋವು ಹತ್ತು ಸಲ ಓದಿಸಿ.

ಸೊನ್ನೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ‘ಕಂಬ’ದಲ್ಲಿ ಅದು ಮ್ ಆಗುತ್ತದೆ, ‘ಅಂದ’ದಲ್ಲಿ ನ್, ‘ಅಂಗಡಿ’ಯಲ್ಲಿ ನಾಲಗೆಯ ಹಿಂಭಾಗದಿಂದ ಬರುವ ಙ್. ಮುಂದಿನ ಅಕ್ಷರಕ್ಕೆ ತಕ್ಕ ಹಾಗೆ ಬಾಯಿ ತಾನೇ ತಿರುಗಿಕೊಳ್ಳುತ್ತದೆ. ಕನ್ನಡ ಮಾತಾಡುವ ಮಗುವಿಗೆ ಇದನ್ನು ಹೇಳಿಕೊಡಲೇಬೇಕಿಲ್ಲ. ಯಲಹಂಕ, ರಾಜಹಂಸ ಎರಡು ಬೋರ್ಡು ಓದಿಸಿ, ಮುಂದೆ ಹೋಗಿ.

ಮದ್ದೂರಿನಲ್ಲಿ ಬಸ್ಸು ನಿಂತಿತು

ನಿಜವಾದ ಕಷ್ಟ ಒತ್ತಕ್ಷರದ್ದು. ಇಲ್ಲಿ ನಿಧಾನ ಮಾಡಿ.

ಮೊದಲು ಅಕ್ಕ, ಅಜ್ಜ, ಅಪ್ಪ. ಮೇಲೂ ಅದೇ ಅಕ್ಷರ, ಕೆಳಗೂ ಅದೇ ಅಕ್ಷರ, ದಿನಾ ಕೂಗುವ ಪದ. ನಮ್ಮ ದಾರಿಯಲ್ಲಿ ಇದಕ್ಕೆ ಚನ್ನಪಟ್ಟಣ ಇದೆ. ಬೊಂಬೆ ಊರು ಅಂತ ಮಗಳಿಗೂ ಇಷ್ಟ. ಅದರಲ್ಲಿ ಎರಡು ಒತ್ತು. ಟ್ಟ ಸುಲಭ, ಯಾಕೆಂದರೆ ಕೆಳಗಿರುವುದು ಪುಟ್ಟ ಟ ಅಂತ ಕಣ್ಣಿಗೇ ಗೊತ್ತಾಗುತ್ತದೆ. ನ್ನ ಹಾಗಲ್ಲ, ಕೆಳಗಿನದು ನ ಥರ ಕಾಣುವುದೇ ಇಲ್ಲ. ಹೀಗೆ ವೇಷ ಬದಲಿಸುವ ಒತ್ತುಗಳು ಮುಖ್ಯವಾಗಿ ಆರು: ತ, ನ, ಮ, ಯ, ರ, ಲ. ಈ ಆರಕ್ಕೆ ಮಾತ್ರ ಬೇರೆ ಕಾರ್ಡ್ ಮಾಡಿ. ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಎಲ್ಲ. ಉಳಿದವು ಹೆಚ್ಚುಕಡಿಮೆ ತಮ್ಮ ಮುಖದಲ್ಲೇ ಇರುತ್ತವೆ, ತಲೆಕಟ್ಟು ಮಾತ್ರ ಇರುವುದಿಲ್ಲ.

ಆಮೇಲೆ ಬಂತು ಮದ್ದೂರು. ವಡೆ ತಿಂದು ತಿಂದು ಗೊತ್ತಿರುವ ಊರು. ಬೋರ್ಡು ತೋರಿಸಿದೆ. ಮಗಳು ಓದಿದ್ದು ‘ಮದೂದರು’.

ಮೂರು ದಿನ ಹಾಗೇ ಓದಿದಳು. ನಾಲ್ಕನೇ ದಿನ ಮೇಷ್ಟ್ರಿಗೆ ಹೇಳಿದೆ. ‘ಅವಳು ಸರಿಯಾಗೇ ಓದಿದ್ದಾಳಲ್ಲ’ ಅಂದರು. ಆ ಬೋರ್ಡನ್ನು ಅವಳ ಕಣ್ಣಲ್ಲಿ ನೋಡಿ. ಮ. ಪಕ್ಕದಲ್ಲಿ ದ, ಅದಕ್ಕೆ ಕೊಂಬಿನ ಇಳಿ ಇದೆ, ಅಂದರೆ ದೂ. ಕೆಳಗೆ ಇನ್ನೊಂದು ಬೋಳು ದ. ಆಮೇಲೆ ರು. ಮ-ದೂ-ದ-ರು. ನಾನು ಕಲಿಸಿದ ನಿಯಮದ ಪ್ರಕಾರ ಒಂದಕ್ಷರವೂ ತಪ್ಪಿಲ್ಲ. ಚಿಹ್ನೆ ಕೂತಿರುವುದು ಮೇಲಿನ ಅಕ್ಷರದ ಮೇಲೆ, ಅದರ ಶಬ್ದ ಬರಬೇಕಾದ್ದು ಕೆಳಗಿನ ಅಕ್ಷರ ಆದ ಮೇಲೆ. ಇದನ್ನು ಯಾರೂ ಅವಳಿಗೆ ಹೇಳಿಯೇ ಇರಲಿಲ್ಲ. ‘ಅಕ್ಕಿ’ಯನ್ನು ‘ಅಕಿಕ’ ಅಂತ, ‘ಭಕ್ತಿ’ಯನ್ನು ‘ಭಕಿತ’ ಅಂತ ಓದುವ ಮಕ್ಕಳ ಕಥೆಯೂ ಇದೇ.

ಇದಕ್ಕೆ ಬೆರಳಿನ ದಾರಿ ಮಾಡಿಕೊಂಡೆವು. ಬೆರಳು ಮೊದಲು ಮೇಲಿನ ಅಕ್ಷರದ ಮೇಲೆ: ‘ದ್’ ಅಂತ ಅರ್ಧಕ್ಕೇ ನಿಲ್ಲಿಸು, ಬ್ರೇಕ್ ಹಾಕಿದ ಹಾಗೆ. ಬೆರಳು ಕೆಳಗಿಳಿಯಲಿ: ಇನ್ನೊಂದು ‘ದ್’. ಮತ್ತೆ ಮೇಲೆ ಹೋಗಿ ಚಿಹ್ನೆ ಮುಟ್ಟು: ‘ಊ’. ದ್-ದ್-ಊ, ದ್ದೂ. ಮೇಲೆ, ಕೆಳಗೆ, ಮತ್ತೆ ಮೇಲೆ. ಮನೆಯಲ್ಲಿ ಇದಕ್ಕೆ ‘ಮದ್ದೂರು ಸ್ಟಾಪ್’ ಅಂತಲೇ ಹೆಸರಾಯಿತು. ಬೇರೆ ಪದದಲ್ಲಿ ತಪ್ಪಿದರೂ ‘ಮದ್ದೂರು ಸ್ಟಾಪ್ ಬಂತು ನೋಡು’ ಅಂದರೆ ಸಾಕು, ಬೆರಳು ತಾನೇ ಕೆಳಗಿಳಿಯುತ್ತಿತ್ತು. ಬೆರಳು ಬಿಟ್ಟು ಓದಲು ಸುಮಾರು ಎರಡು ತಿಂಗಳು ಹಿಡಿಯಿತು.

ಇದು ಗಟ್ಟಿಯಾದ ಮೇಲೆ ಮೇಲೊಂದು ಕೆಳಗೊಂದು ಬೇರೆ ಬೇರೆ ಅಕ್ಷರ ಇರುವ ಮಂಡ್ಯ ಬಂದರೂ ಗಾಬರಿಯಾಗಲಿಲ್ಲ. ಅರ್ಕಾವೊತ್ತು ಮಾತ್ರ ಇದರ ತಿರುವು ಮುರುವು: ಅನ್ನುವುದು ಮೊದಲು, ಬರೆಯುವುದು ಆಮೇಲೆ. ‘ಸೂರ್ಯ’ವನ್ನು ‘ಸೂಯರ’ ಅಂದರೆ ಬೈಯಬೇಡಿ. ಆ ಬಾಲ ಕಂಡ ತಕ್ಷಣ ಒಂದು ಹೆಜ್ಜೆ ಹಿಂದೆ ಬಾ ಅಂತ ಹೇಳಿ. ಕಾರ್ಕಳ, ಚಿತ್ರದುರ್ಗ ಓದಿಸಿ.

ಊಹೆ ಮಾಡುವ ಮಗು

ಓದು ಸ್ವಲ್ಪ ಬಂದ ಕೂಡಲೇ ಮಕ್ಕಳು ಊಹೆಗೆ ಇಳಿಯುತ್ತಾರೆ. ನಮ್ಮ ದಾರಿಯಲ್ಲಿ ಮ ಇಂದ ಶುರುವಾಗುವ ಮೂರು ಊರಿವೆ: ಮದ್ದೂರು, ಮಂಡ್ಯ, ಮೈಸೂರು. ಮಗಳು ಮ ಕಂಡ ಕೂಡಲೇ ಬಾಯಿಗೆ ಬಂದ ಊರಿನ ಹೆಸರು ಹೇಳಿಬಿಡುತ್ತಿದ್ದಳು. ಮೂರರಲ್ಲಿ ಒಂದು ಸಲ ಸರಿಯಾಗಿಯೂ ಬಿಡುತ್ತಿತ್ತು, ಅದೇ ತೊಂದರೆ. ಒಂದು ಟಿಕೆಟ್ ತೆಗೆದುಕೊಂಡು ಪದದ ಮೇಲೆ ಇಟ್ಟು, ಒಂದೊಂದೇ ಅಕ್ಷರ ಕಾಣುವ ಹಾಗೆ ಸರಿಸಿ. ‘ಸರೀನಾ, ತಪ್ಪಾ?’ ಅನ್ನುವ ಮುಖದಿಂದ ನಿಮ್ಮನ್ನು ನೋಡಿದರೆ ನೀವೂ ಸುಮ್ನೆ ಇರಿ. ಅಕ್ಷರ ನೋಡಲಿ, ನಿಮ್ಮ ಮುಖ ಬೇಡ.

ಮಾತಿಗೂ ಬರಹಕ್ಕೂ ಇರುವ ದೂರದ ಬಗ್ಗೆ ಒಂದು ಮಾತು. ನಮ್ಮ ಮಂಡ್ಯ ಕಡೆ ‘ಆಲು’ ಕುಡಿದು ‘ಅಣ್ಣು’ ತಿನ್ನುವವರೇ ಜಾಸ್ತಿ. ಪುಸ್ತಕದಲ್ಲಿ ‘ಹಾಲು’, ‘ಹಣ್ಣು’ ಇರುತ್ತದೆ. ‘ಎಲೆ’ ಅಂತ ಬರೆದು ‘ಯೆಲೆ’ ಅನ್ನುತ್ತೇವೆ. ‘ಬರುತ್ತೇನೆ’ ಅಂತ ಓದಿದ ಮಗು ಅದು ತಾನು ದಿನಾ ಹೇಳುವ ‘ಬತ್ತೀನಿ’ ಅಂತ ಗುರುತಿಸದೆ ಪಿಳಿಪಿಳಿ ನೋಡುತ್ತದೆ. ಆಗ ‘ಪುಸ್ತಕದಲ್ಲಿ ಹೀಗೆ ಬರೀತಾರೆ, ಮನೇಲಿ ಹಾಗೆ ಅಂತೀವಿ’ ಅಂದರೆ ಆಯಿತು. ಅಜ್ಜಿಯ ಮಾತು ತಪ್ಪು ಅಂತ ಮಾತ್ರ ಹೇಳಿಕೊಡಬೇಡಿ. ಮಹಾಪ್ರಾಣವೂ ಹೀಗೇ. ಹೊಟ್ಟೆ ಸೀಳಿದ ಧ, ಭ, ಢ ಕಣ್ಣಿಗೆ ಗೊತ್ತಾದರೆ ಸದ್ಯಕ್ಕೆ ಸಾಕು. ಬಾಯಿಗೆ ನಿಧಾನವಾಗಿ ಬರುತ್ತದೆ.

ಇಂಗ್ಲಿಷ್ ಫೋನಿಕ್ಸ್ (ಅಕ್ಷರದ ಶಬ್ದ ಹಿಡಿದು ಓದಿಸುವ ಪದ್ಧತಿ) ಜೊತೆಗೆ ಕಲಿಯುತ್ತಿದ್ದರೆ ಗೊಂದಲ ಆಗುತ್ತಾ ಅಂತ ಕೇಳುತ್ತಾರೆ. ಸ್ವಲ್ಪ ಆಗುತ್ತದೆ. ಅಲ್ಲಿ ಒಂದೇ ‘ಸಿ’ ಅಕ್ಷರ ಕ್ಯಾಟ್‌ನಲ್ಲಿ ಕ, ಸಿಟಿಯಲ್ಲಿ ಸ. ಕನ್ನಡದಲ್ಲಿ ಕ ಯಾವತ್ತೂ ಕ. ಆದರೆ ಅಲ್ಲಿ 26 ಅಕ್ಷರ, ಇಲ್ಲಿ ರೂಪಗಳು ನೂರಾರು. ಹಾಗಾಗಿ ಕನ್ನಡಕ್ಕೆ ಹೆಚ್ಚು ದಿನ ಬೇಕು. ಮಕ್ಕಳ ಕನ್ನಡ ಓದಿನ ಬಗ್ಗೆ ಸೋನಾಲಿ ನಾಗ್ ಅನ್ನುವವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಮೇಷ್ಟ್ರು ಹೇಳಿದ್ದರು: ಅಕ್ಷರ ಕಲಿಕೆ ಒಂದನೇ ಕ್ಲಾಸಿಗೇ ಮುಗಿಯುವುದಿಲ್ಲ, ನಾಲ್ಕನೇ ಕ್ಲಾಸಿನ ತನಕವೂ ನಡೆಯುತ್ತಲೇ ಇರುತ್ತದೆ ಅಂತ. ಅದನ್ನು ಕೇಳಿದ ದಿನ ನನ್ನ ಹೆಂಡತಿಗೆ ಅರ್ಧ ಟೆನ್ಷನ್ ಕಡಿಮೆಯಾಯಿತು.

ಹೋದ ತಿಂಗಳು ಮಗಳನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ‘ಶ್ರೀರಂಗಪಟ್ಟಣ’ವನ್ನು ಬಸ್ಸು ನಿಲ್ಲುವ ಮೊದಲೇ ಓದಿದಳು, ಒತ್ತು, ಸೊನ್ನೆ, ದೀರ್ಘ ಎಲ್ಲ ಸೇರಿ. ವಾಪಸ್ ಬರುವಾಗ ಯಾರೋ ಸೀಟಿನ ಮೇಲೆ ಬಿಟ್ಟುಹೋಗಿದ್ದ ಪೇಪರ್ ತೆಗೆದುಕೊಂಡು ‘ವಿಜ್ಞಾನ’ ಅನ್ನುವ ಪದದ ಹತ್ತಿರ ನಿಂತಳು. ಬೆರಳು ಇಟ್ಟು, ಮೇಲೆ, ಕೆಳಗೆ, ಮತ್ತೆ ಮೇಲೆ ಮಾಡಿ, ‘ವಿ-ಜ್-ಞಾ-ನ’ ಅಂದಳು. ನಾನು ‘ವಿಗ್ನಾನ’ ಅಂದೆ. ‘ಇಲ್ಲಿ ಜ ಇದೆ, ನೀನ್ಯಾಕೆ ಗ ಅಂತ್ಯಾ?’ ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಳೆ ಮದ್ದೂರಿನಲ್ಲಿ ಮೇಷ್ಟ್ರು ಹತ್ತುತ್ತಾರೆ, ಕೇಳಿ ಹೇಳುತ್ತೇನೆ ಅಂದೆ.