ಟೈಟಾನಿಯಂ ಓಲೆ, ಉಂಗುರ ನಾನೇ ಮಾಡೋಕೆ ಶುರು ಮಾಡಿದ್ದು

ನನ್ನ ತಂಗಿಗೆ ಯಾವ ಓಲೆ ಹಾಕಿದ್ರೂ ಎರಡೇ ದಿನಕ್ಕೆ ಕಿವಿ ಕೆಂಪಾಗಿ ನೀರು ಸೋರೋಕೆ ಶುರುವಾಗೋದು. ನಿಕಲ್ ಅಲರ್ಜಿ ಅಂತ ಡಾಕ್ಟ್ರು ಹೇಳಿದ್ಮೇಲೆ, ಟೈಟಾನಿಯಂನಲ್ಲಿ ನಿಕಲ್ ಇರಲ್ಲ ಅಂತ ‘ಟೈಟಾನಿಯಂ’ ಅಂತ ಬರ್ದಿದ್ದ ಒಂದು ಸೆಟ್ ಆನ್‌ಲೈನಲ್ಲಿ ತರಿಸ್ಕೊಟ್ಟೆ, ಅದಕ್ಕೂ ಅದೇ ಗತಿ ಆಯ್ತು. ಕೈಲಿ ಹಿಡ್ಕೊಂಡಾಗ್ಲೇ ತೂಕ ಜಾಸ್ತಿ ಅನ್ನಿಸ್ತಿತ್ತು. ಸೆಟ್ಟಲ್ಲಿದ್ದ ಎಲ್ಲಾ ಓಲೆ ತೂಕ ಹಾಕ್ದೆ, ಆಮೇಲೆ ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ, ಅವನ್ನೆಲ್ಲಾ ಒಂದೇ ದಾರಕ್ಕೆ ಕಟ್ಟಿ ತಳಕ್ಕೆ ತಾಗದ ಹಾಗೆ ಮುಳುಗಿಸ್ದೆ. ಆಗ ತಕ್ಕಡಿ ಎಷ್ಟು ಗ್ರಾಂ ತೋರ್ಸತ್ತೋ ಅದ್ರಿಂದ ಮೊದಲಿನ ತೂಕನ ಭಾಗಿಸಿದ್ರೆ ಸಾಂದ್ರತೆ ಬರತ್ತೆ. ಟೈಟಾನಿಯಂ ಆಗಿದ್ರೆ 4.5ರ ಹತ್ರ ಬರ್ಬೇಕು, ನನಗೆ ಬಂದಿದ್ದು 8ರ ಹತ್ರ, ಅಂದ್ರೆ ಬರೀ ಸ್ಟೀಲು! ಮೇಲೆ ಬಣ್ಣ ಅಷ್ಟೇ. ಇಂಥ ಕಡೆ ಸಾಮಾನ್ಯವಾಗಿ ಬಳಸೋ 316ಎಲ್ ಸ್ಟೀಲಲ್ಲಿ ನಿಕಲ್ಲೇ 10ರಿಂದ 14% ಇರತ್ತೆ. ಆವತ್ತು ಬಂದ ಸಿಟ್ಟೇ ನನ್ನನ್ನ ಲೇತ್ (ಲೋಹನ ತಿರುಗಿಸಿ ಕಡೆಯೋ ಯಂತ್ರ) ಮುಂದೆ ನಿಲ್ಲಿಸ್ತು.

ಅದಕ್ಕೇ ಲೋಹದ ವಿಷ್ಯದಲ್ಲಿ ನಾನು ಬಾಯಿಮಾತು ನಂಬಲ್ಲ. ಕಿವಿ ಮೂಗಿಗೆ ಚುಚ್ಚಿ ಹಾಕೋದಕ್ಕೆ ಎಎಸ್‌ಟಿಎಂ ಎಫ್136 ರಾಡ್ ಮಾತ್ರ ತರಿಸ್ತೀನಿ, ಅದು ದೇಹದೊಳಗೆ ಕೂರಿಸೋ ಇಂಪ್ಲಾಂಟಿನ ದರ್ಜೆ. ಉಂಗುರಕ್ಕೆ ಟೈಟಾನಿಯಂನ ಗ್ರೇಡ್ 5 ಅನ್ನೋ ದರ್ಜೆ ಸಾಕು. ಮಿಲ್ ಸರ್ಟಿಫಿಕೇಟ್ (ಲೋಹ ತಯಾರಿಸಿದ ಕಾರ್ಖಾನೆ ಕೊಡೋ ಪರೀಕ್ಷಾ ಪತ್ರ) ಕೊಡಿ ಅಂತ ಮೊದಲೇ ಕೇಳ್ಬೇಕು, ಅದ್ರಲ್ಲಿರೋ ಹೀಟ್ ನಂಬರೂ (ಒಂದು ಸಲ ಕರಗಿಸಿದ ಲೋಹಕ್ಕೆ ಕೊಡೋ ನಂಬರು) ರಾಡ್ ಮೇಲಿನ ನಂಬರೂ ಒಂದೇನಾ ಅಂತ ನೋಡ್ಬೇಕು. ‘ವಿಮಾನಕ್ಕೆ ಬಳಸೋ ಮಾಲು ಸಾರ್’ ಅಂತ ಹೇಳಿ ಸರ್ಟಿಫಿಕೇಟ್ ಕೇಳಿದ ತಕ್ಷಣ ಮಾತು ತೇಲಿಸೋರ ಹತ್ರ ತಗೋಬೇಡಿ.

ಇದನ್ನ ಚಿನ್ನ ಬೆಳ್ಳಿ ಥರ ಬೆಸುಗೆ ಹಾಕಿ ಜೋಡ್ಸೋಕಾಗಲ್ಲ, ಕಾದ ಟೈಟಾನಿಯಂ ಗಾಳೀಲಿರೋ ಆಕ್ಸಿಜನ್, ನೈಟ್ರೋಜನ್ ಹೀರ್ಕೊಂಡು ಪೆಡಸಾಗಿಬಿಡತ್ತೆ, ಆರ್ಗಾನ್ ಗ್ಯಾಸಲ್ಲೇ ವೆಲ್ಡ್ ಮಾಡ್ಬೇಕು. ನನ್ನ ಹತ್ರ ಆ ವ್ಯವಸ್ಥೆ ಇಲ್ಲ, ಹಾಗಾಗಿ ನಾನು ಮಾಡೋದೆಲ್ಲಾ ಒಂದೇ ತುಂಡಿಂದ ಕಡೆದು ತೆಗೆಯೋ ಡಿಸೈನು. ಕಡೆಯುವಾಗ ವೇಗ ಕಮ್ಮಿ ಇರ್ಬೇಕು, ಟೂಲ್ ಚೂಪಾಗಿರ್ಬೇಕು, ತಂಪು ಮಾಡೋ ದ್ರವ (ಕೂಲಂಟ್) ಧಾರಾಳವಾಗಿ ಬಿಡ್ಬೇಕು, ಮುಖ್ಯವಾಗಿ ಟೂಲನ್ನ ಒಂದೇ ಕಡೆ ಉಜ್ತಾ ನಿಲ್ಲಿಸ್ಬಾರ್ದು, ಯಾಕಂದ್ರೆ ಈ ಲೋಹದಲ್ಲಿ ಶಾಖ ಹರಿಯೋದೇ ಕಷ್ಟ, ಬಿಸಿ ಎಲ್ಲಾ ಟೂಲಿನ ತುದೀಲೇ ಕೂರತ್ತೆ. ಚಿಪ್ಸ್ ಮತ್ತೆ ಪುಡಿಗೆ ಬೆಂಕಿ ಹತ್ತತ್ತೆ, ಹತ್ತಿದ್ರೆ ನೀರು ಹಾಕ್ಲೇಬಾರ್ದು, ಪಕ್ಕದಲ್ಲಿ ಯಾವಾಗ್ಲೂ ಒಂದು ಬಕೆಟ್ ಒಣ ಮರಳು ಇಟ್ಕೊಂಡಿರ್ತೀನಿ. ಆಮೇಲೆ 400ನೇ ನಂಬರಿನ ಒರಟು ಎಮರಿ ಪೇಪರಿಂದ 2000ದ ನುಣುಪಿನ ತನಕ ಉಜ್ಜೋದು, ಕಡೆಯೋ ಕೆಲಸಕ್ಕಿಂತ ಇದಕ್ಕೇ ಹೆಚ್ಚು ಹೊತ್ತು ಹಿಡಿಯತ್ತೆ.

ಬಣ್ಣ ಬರ್ಸೋದು ಮಾತ್ರ ನಂಗೆ ಪ್ರಾಣ. ಅಡುಗೆ ಸೋಡಾ ಕರಗಿಸಿದ ಡಿಸ್ಟಿಲ್ಡ್ ನೀರು, ಡಿಸಿ ಪವರ್ ಸಪ್ಲೈ, ಪಾಸಿಟಿವ್ ಕಡೆ ಓಲೆ, ನೆಗೆಟಿವ್ ಕಡೆ ಇನ್ನೊಂದು ಟೈಟಾನಿಯಂ ಪಟ್ಟಿ. ಓಲೆ ಹಿಡಿಯೋ ತಂತೀನೂ ಟೈಟಾನಿಯಂದೇ ಆಗ್ಬೇಕು, ಬೇರೆ ಲೋಹ ನೀರಿಗೆ ತಾಗಿದ್ರೆ ಕರೆಂಟ್ ಎಲ್ಲಾ ಅಲ್ಲೇ ಹೋಗತ್ತೆ. ವೋಲ್ಟೇಜ್ ಮೆಲ್ಲಗೆ ಏರಿಸ್ತಾ ಹೋದ್ರೆ 15 ವೋಲ್ಟ್ ಹೊತ್ತಿಗೆ ಕಂದು, 20 ದಾಟಿದ್ರೆ ನೇರಳೆ, ಆಮೇಲೆ ಗಾಢ ನೀಲಿ, 30ರ ಆಚೆ ಆ ನೀಲಿ ತಿಳಿಯಾಗ್ತಾ ಬರತ್ತೆ, 55-60ಕ್ಕೆ ಹಳದಿ, ಇನ್ನೂ ಮೇಲೆ ಗುಲಾಬಿ, 100ರ ಆಸುಪಾಸಲ್ಲಿ ಹಸಿರು. ಇದ್ರಲ್ಲಿ ಬಣ್ಣದ ಪುಡಿ ಏನೂ ಇಲ್ಲ, ಮೇಲೆ ಕೂರೋ ಆಕ್ಸೈಡ್ ಪೊರೆ ದಪ್ಪ ಆದ ಹಾಗೆ ಬೆಳಕು ಬೇರೆ ಬೇರೆ ಬಣ್ಣವಾಗಿ ಕಾಣತ್ತೆ, ಸೋಪಿನ ಗುಳ್ಳೇಲಿ ಕಾಣೋ ಹಾಗೆ. ಅಪ್ಪಟ ಕೆಂಪು ಮಾತ್ರ ಬರಲ್ಲ, ಮುಂದಕ್ಕೆ ಹೋದ ಬಣ್ಣ ವೋಲ್ಟೇಜ್ ಇಳಿಸಿದ್ರೆ ವಾಪಸ್ ಬರೋದೂ ಇಲ್ಲ. ಒಂದ್ಸಲ ಬಣ್ಣಕ್ಕೆ ಇಳಿಸೋ ಮುಂಚೆ ಓಲೆ ಜಿಡ್ಡು ಒರೆಸಿದ್ಮೇಲೆ ಮರೆತು ಕೈಯಲ್ಲಿ ಮುಟ್ಟಿದ್ದೆ, ನೀಲಿ ಬಂದಾಗ ನಡುವೆ ನನ್ನ ಹೆಬ್ಬೆರಳ ಗೆರೆ ಒಂದೊಂದೂ ಕಂದು ಬಣ್ಣದಲ್ಲಿ ಮೂಡಿತ್ತು, ಪೂರ್ತಿ ಉಜ್ಜಿ ಮತ್ತೆ ಮಾಡ್ದೆ. ರಬ್ಬರ್ ಗ್ಲೌಸ್ ಹಾಕ್ದೆ ಈಗ ಏನೂ ಮುಟ್ಟಲ್ಲ, 100 ವೋಲ್ಟ್ ಡಿಸಿ ಆಟದ ಸಾಮಾನೂ ಅಲ್ಲ.

ಉಂಗುರದ ಅಳತೇಲಿ ಪೆಟ್ಟು ತಿಂದಿದ್ದೀನಿ. 8 ಮಿಮೀ ಅಗಲದ ಉಂಗುರಕ್ಕೆ ಅಗಲ ಕಮ್ಮಿ ಇರೋ ಗೇಜಲ್ಲಿ (ಬೆರಳಿಗೆ ಹಾಕಿ ನೋಡೋ ಅಳತೆ ಬಳೆ) ಅಳತೆ ತಗೊಂಡೆ, ಗೆಣ್ಣು ದಾಟ್ಲೇ ಇಲ್ಲ. ಚಿನ್ನದ ಥರ ಕತ್ತರಿಸಿ ತುಂಡು ಸೇರ್ಸೋಕಾಗಲ್ವಲ್ಲ, ಹೊಸದೇ ಮಾಡ್ಕೊಟ್ಟೆ. ಈಗ ಉಂಗುರದ್ದೇ ಅಗಲ ಇರೋ ಗೇಜಲ್ಲಿ, ಸಂಜೆ ಹೊತ್ತು ಒಂದ್ಸಲ, ಬೆಳಿಗ್ಗೆ ಒಂದ್ಸಲ ನೋಡಿ ಅಂತೀನಿ. ಬೆರಳು ಊದ್ಕೊಂಡ್ರೆ ಇದನ್ನ ಕತ್ತರಿಸ್ಬಹುದು, ಆದ್ರೆ ಚಿನ್ನಕ್ಕೆ ಬಳಸೋ ಮಾಮೂಲಿ ಕಟರ್ ಒದ್ದಾಡತ್ತೆ, ಕಾರ್ಬೈಡ್ ಇಲ್ಲಾ ಡೈಮಂಡ್ ಬ್ಲೇಡ್ ಬೇಕು, ಅದನ್ನೂ ಮುಂಚೇನೇ ಹೇಳ್ಬಿಡ್ತೀನಿ.

ತಂಗಿ ಈಗ ನಾನು ಮಾಡಿದ ನೀಲಿ ಓಲೆ ರಾತ್ರೀನೂ ತೆಗೆಯಲ್ಲ. ಯಾರಿಗೇ ಮಾಡ್ಕೊಟ್ರೂ ಡಬ್ಬಿ ಜೊತೆ ಒಂದು ಚೀಟೀಲಿ ಗ್ರೇಡು, ರಾಡಿನ ಹೀಟ್ ನಂಬರು ಎರಡೂ ಬರೆದು ಇಡ್ತೀನಿ.